ಸುಳ್ಳಿಗೆ ಅವಕಾಶವಿದೆ, ಮೋಸಕ್ಕಿಲ್ಲ: ಪೋಕರ್ ಟೂರ್ನಿಯ ಮರ್ಯಾದೆ

ಗೋವಾದ ಮಾಂಡವಿ ನದಿಯ ಮೇಲಿನ ಹಡಗೊಂದರಲ್ಲಿ ನಡೆದ ಪೋಕರ್ ಟೂರ್ನಿಯಲ್ಲಿ ನನ್ನ ಎಡಕ್ಕೆ ಹುಬ್ಬಳ್ಳಿಯ ಹಿರಿಯರೊಬ್ಬರು ಕೂತಿದ್ದರು. ಬಟ್ಟೆ ವ್ಯಾಪಾರಿ, ಅರವತ್ತು ದಾಟಿದವರು. ವಿರಾಮದಲ್ಲಿ ನಾನು ಮನೆಗೆ ಫೋನ್ ಮಾಡಿ ಮಾತಾಡುತ್ತಿದ್ದುದು ಕಿವಿಗೆ ಬಿದ್ದು, "ಕನ್ನಡದವ್ರೇನ್ರಿ ನೀವು?" ಎಂದು ಮುಖ ಅರಳಿಸಿದರು. ಪರಊರಿನಲ್ಲಿ ನಮ್ಮ ಮಾತು ಸಿಕ್ಕರೆ ಆಗುವ ಹಿಗ್ಗು ಗೊತ್ತಲ್ಲ, ಅಲ್ಲಿಂದ ನಮ್ಮ ಹರಟೆ ನಿಲ್ಲಲೇ ಇಲ್ಲ. ಮಧ್ಯರಾತ್ರಿಯ ಹೊತ್ತಿಗೆ ಒಂದು ಹ್ಯಾಂಡ್‌ನಲ್ಲಿ (ಎಲೆ ಹಂಚಿ ಆಡುವ ಒಂದು ಆಟದಲ್ಲಿ) ನಾನು ಎಲೆ ಬಿಟ್ಟು, ಹಿಂದೆ ಸರಿದು ಸುಮ್ಮನೆ ಕೂತಿದ್ದೆ, ಅವರು ಇನ್ನೂ ಆಟದಲ್ಲಿದ್ದರು. ಎದುರಿನ ಹುಡುಗ ತನ್ನ ಚಿಪ್‌ಗಳನ್ನೆಲ್ಲ ಮುಂದೆ ತಳ್ಳಿ ಆಲ್ ಇನ್ ಹೇಳಿದ್ದ. ಹಿರಿಯರು ನನ್ನ ಕಡೆ ತಿರುಗಿ, "ಏನ್ ಮಾಡೂಣ್ರಿ ಈಗ? ಹುಡುಗ ಭಾಳ ಜೋರದಾನ ನೋಡ್ರಿ" ಅಂದರು. ನಾನು ನಕ್ಕು, "ನಿಮ್ಮಿಷ್ಟ ಸರ್" ಅಂದೆ. ಅಷ್ಟೇ. ಎಲೆ ಹಂಚುವ ಡೀಲರ್ ಕೈ ಎತ್ತಿ ಆಟ ನಿಲ್ಲಿಸಿದಳು. "ಇಂಗ್ಲಿಷ್ ಅಥವಾ ಹಿಂದಿ ಮಾತ್ರ, ಸರ್."

ಹಿರಿಯರು ಸಾರಿ ಕೇಳಿದರು, ಒಂದು ಗಳಿಗೆ ಎಲೆಗಳನ್ನು ನೋಡಿದರು, ಕೆಳಗಿಟ್ಟುಬಿಟ್ಟರು. ನನಗೆ ಮಾತ್ರ ಒಳಗೆ ಚುರುಕ್ಕೆಂದಿತು. ಕರ್ನಾಟಕದ ಗಡಿಯಿಂದ ಎರಡು ಮೂರು ಗಂಟೆಯ ದಾರಿಯಲ್ಲಿ ಹಿಂದಿ ನಡೆಯುತ್ತದೆ, ಕನ್ನಡ ನಡೆಯುವುದಿಲ್ಲ. ಆ ನೋವು ಇವತ್ತಿಗೂ ಇದೆ, ಅದು ಬೇರೆಯೇ ಚರ್ಚೆ. ಆದರೆ ಡೀಲರ್ ತಡೆದದ್ದು ಸರಿಯೇ ಎಂಬುದು ಅರ್ಥವಾಗಲು ನನಗೆ ಆ ರಾತ್ರಿಯೆಲ್ಲ ಬೇಕಾಯಿತು. ಮೇಜಿನ ಮೇಲಿದ್ದ ಉಳಿದ ಏಳು ಜನ ಏನು ಕೇಳಿಸಿಕೊಂಡರು? ಒಬ್ಬ ಆಟಗಾರ ದೊಡ್ಡ ನಿರ್ಧಾರದ ಹೊತ್ತಿನಲ್ಲಿ ಪಕ್ಕದವನಿಗೆ ಏನನ್ನೋ ಕೇಳಿದ. ಪಕ್ಕದವ ಏನನ್ನೋ ಹೇಳಿದ. "ನಿಮ್ಮಿಷ್ಟ" ಎಂಬುದೂ "ನಾನು ಬಿಟ್ಟ ಎಲೆಯಲ್ಲಿ ಎಕ್ಕ ಇತ್ತು" ಎಂಬುದೂ ಅವರ ಕಿವಿಗೆ ಒಂದೇ.

ಪೋಕರ್ ಟೂರ್ನಿಗಳಲ್ಲಿ ನಡತೆಯ ಬಗ್ಗೆ ಎರಡು ಮೂರು ವರ್ಷಗಳಿಂದ ಜಗತ್ತಿನಾದ್ಯಂತ ನಡೆಯುತ್ತಿರುವ ಜಗಳಗಳನ್ನೆಲ್ಲ ನಾನು ಈ ಸಣ್ಣ ಘಟನೆಯ ಕಿಂಡಿಯಿಂದಲೇ ನೋಡುತ್ತೇನೆ. ಹೊರಗಿನವರಿಗೆ ಇದೊಂದು ವಿಚಿತ್ರ. ಸುಳ್ಳೇ ಬಂಡವಾಳವಾದ ಆಟದಲ್ಲಿ ಮರ್ಯಾದೆಯ ಮಾತೆಲ್ಲಿಂದ ಬಂತು? ಕೈಯಲ್ಲಿ ಏನೂ ಇಲ್ಲದೆ ರಾಶಿ ಚಿಪ್ ತಳ್ಳಿ ಎದುರಾಳಿಯನ್ನು ಹೆದರಿಸುವುದನ್ನು ಇಲ್ಲಿ ಬ್ಲಫ್ ಎಂದು ಮೆಚ್ಚುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಅದೇ ಜನ, ಒಬ್ಬ ದೊಡ್ಡ ಬೆಲೆಯ ಚಿಪ್‌ಗಳನ್ನು ಚಿಕ್ಕವುಗಳ ಹಿಂದೆ ಮರೆಮಾಡಿಟ್ಟರೆ ಕೆರಳುತ್ತಾರೆ. ಎರಡೂ ಸುಳ್ಳೇ ಅಲ್ಲವೇ?

ಅಲ್ಲ. ಬ್ಲಫ್ ಮಾಡುವವನು ತನ್ನ ಎಲೆಯ ಬಗ್ಗೆ ಸುಳ್ಳು ಹೇಳುತ್ತಾನೆ. ಎಲೆ ಮುಚ್ಚಿರುತ್ತದೆ ಎಂಬುದು ಎಲ್ಲರೂ ಒಪ್ಪಿಯೇ ಕೂತಿರುವ ವಿಷಯ, ಹಾಗಾಗಿ ಆ ಸುಳ್ಳು ಆಟದ ಒಳಗಿನದು. ಚಿಪ್ ಮರೆಮಾಡುವವನು ಎಲ್ಲರಿಗೂ ತೆರೆದಿರಬೇಕಾದುದನ್ನು ಮುಚ್ಚುತ್ತಾನೆ. ಎದುರಿನವನ ಬಳಿ ಎಷ್ಟಿದೆ, ಸರದಿ ಯಾರದು, ಹಾಕಿದ ಬೆಟ್ ಎಷ್ಟು: ಇವಿಷ್ಟೂ ಬೆಳಕಿನಲ್ಲಿರಬೇಕು. ಮುಚ್ಚಿದ್ದರ ಬಗ್ಗೆ ಎಷ್ಟು ಬೇಕಾದರೂ ಆಟ ಕಟ್ಟು, ತೆರೆದದ್ದನ್ನು ಮುಟ್ಟಬೇಡ. ಪೋಕರ್‌ನ ಅರ್ಧಕ್ಕರ್ಧ ಶಿಷ್ಟಾಚಾರ ಈ ಒಂದು ಗೆರೆಯಿಂದ ಹುಟ್ಟಿದ್ದು.

ಗೆರೆಯ ಪಕ್ಕದಲ್ಲೇ ನಡೆದು ಲಾಭ ಮಾಡಿಕೊಳ್ಳುವವರನ್ನು ಆಟಗಾರರು 'ಆ್ಯಂಗಲ್ ಶೂಟರ್' ಎನ್ನುತ್ತಾರೆ. ಕೈಯಲ್ಲಿ ಚಿಪ್ ಹಿಡಿದು ಬೆಟ್ ಹಾಕುವವನಂತೆ ಮುಂದೆ ಚಾಚುವುದು, ಎದುರಾಳಿಯ ಮುಖ ನೋಡುವುದು, ಹಿಂದಕ್ಕೆಳೆಯುವುದು. ಸರದಿ ಬರುವ ಮೊದಲೇ 'ಮರೆತು' ಎಲೆ ಎಸೆಯುವಂತೆ ನಟಿಸುವುದು. ಸ್ವಲ್ಪ ಚಿಪ್ ಇಟ್ಟು, ಎದುರಿನವನ ಪ್ರತಿಕ್ರಿಯೆ ನೋಡಿಕೊಂಡು, ಇನ್ನಷ್ಟು ಸೇರಿಸುವುದು. ಇವುಗಳಲ್ಲಿ ಹಲವಕ್ಕೆ ಈಗ ನಿಯಮದ ತಡೆ ಇದೆ. ಬಾಯಲ್ಲಿ ಹೇಳಿದ ಮಾತು ಬಂಧನ, 'ಕಾಲ್' (ಎದುರಿನ ಬೆಟ್‌ಗೆ ಸಮ ಹಾಕುತ್ತೇನೆ) ಅಂದಮೇಲೆ ಅಂದಂತೆಯೇ. ಏನೂ ಹೇಳದೆ ಒಂದೇ ಒಂದು ದೊಡ್ಡ ಚಿಪ್ ಹಾಕಿದರೆ ಅದು ಎದುರಿನ ಬೆಟ್‌ಗೆ ಸಮ ಮಾಡಿದಂತೆ, ಏರಿಸಿದಂತೆ ಅಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ, ಪಾಪ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ. ಮಾತು ಬಂಧನ ಎಂಬುದರ ಇನ್ನೊಂದು ಮುಖಕ್ಕೆ ಜ್ಯಾಕ್ ಸ್ಟ್ರಾಸ್ ಅವರ ಕತೆಯನ್ನು ಪೋಕರ್ ಲೋಕ ಇಂದಿಗೂ ಹೇಳುತ್ತದೆ. ಪ್ರತಿ ವರ್ಷ ಲಾಸ್ ವೇಗಸ್‌ನಲ್ಲಿ ನಡೆಯುವ ವಿಶ್ವ ಪೋಕರ್ ಸರಣಿಯ 1982ರ ಟೂರ್ನಿಯಲ್ಲಿ ಎಲ್ಲವನ್ನೂ ಕಳೆದುಕೊಂಡೆ ಎಂದು ಎದ್ದು ನಿಂತವರಿಗೆ ಮೇಜಿನ ಮೇಲೆ ಉಳಿದಿದ್ದ ಒಂದೇ ಚಿಪ್ ಕಣ್ಣಿಗೆ ಬಿತ್ತು. ಅವರು 'ಆಲ್ ಇನ್' ಎಂದು ಬಾಯಿ ಬಿಟ್ಟು ಹೇಳಿರಲಿಲ್ಲ, ಆದ್ದರಿಂದ ಆ ಚಿಪ್ ಅವರದೇ ಆಯಿತು. ಆ ಒಂದರಿಂದ ಮೇಲೆದ್ದು ಟೂರ್ನಿಯನ್ನೇ ಗೆದ್ದರು.

ಯಾವ ನಿಯಮವನ್ನೂ ಮುರಿಯದ, ಯಾವ ಲಾಭವನ್ನೂ ತರದ ಒಂದು ತಪ್ಪಿದೆ. ಅದಕ್ಕೆ ಸ್ಲೋ ರೋಲ್ ಎಂದು ಹೆಸರು. ಎದುರಾಳಿ ತನ್ನ ಸರ್ವಸ್ವವನ್ನೂ ಒಡ್ಡಿದ್ದಾನೆ. ನಿನ್ನ ಕೈಯಲ್ಲಿರುವುದು ಸೋಲಿಸಲಾಗದ ಎಲೆ. ಕೂಡಲೇ 'ಕಾಲ್' ಎಂದು ತೋರಿಸಿದರೆ ಮುಗಿಯಿತು. ಹಾಗೆ ಮಾಡದೆ, ಹಣೆ ತಿಕ್ಕಿಕೊಂಡು, ನಿಟ್ಟುಸಿರು ಬಿಟ್ಟು, ಒಂದು ನಿಮಿಷ ಯೋಚಿಸುವ ನಾಟಕವಾಡಿ, ಅವನಿಗೆ ಗೆದ್ದೆನೇನೋ ಎಂಬ ಆಸೆ ಹುಟ್ಟಿಸಿ, ಆಮೇಲೆ ಮೆಲ್ಲಗೆ ಎಲೆ ತಿರುಗಿಸುವುದು. ಬ್ಲಫ್‌ನಿಂದ ಚಿಪ್ ಬರುತ್ತದೆ, ಆ್ಯಂಗಲ್‌ನಿಂದಲೂ ಬರುತ್ತದೆ. ಸ್ಲೋ ರೋಲ್‌ನಿಂದ ಬರುವುದು ಇನ್ನೊಬ್ಬ ಮನುಷ್ಯನ ಮುಖ ಬಾಡುವುದನ್ನು ನೋಡುವ ಸುಖ ಮಾತ್ರ. ನನ್ನ ಮಟ್ಟಿಗೆ ಪೋಕರ್ ಮೇಜಿನ ಅತಿ ಕೆಟ್ಟ ನಡತೆ ಇದೇ. ಇದಕ್ಕೆ ದಂಡ ವಿಧಿಸುವುದು ಕಷ್ಟ, ಯಾಕೆಂದರೆ ನಿಜವಾಗಿ ಯೋಚಿಸುತ್ತಿದ್ದವನಿಗೂ ನಾಟಕದವನಿಗೂ ಹೊರಗಿನಿಂದ ವ್ಯತ್ಯಾಸ ಕಾಣದು. ಜೊತೆಗಾರರ ತಿರಸ್ಕಾರ ಬಿಟ್ಟರೆ ಬೇರೆ ಮದ್ದಿಲ್ಲ.

ಇಷ್ಟು ಎಲ್ಲ ಬಗೆಯ ಪೋಕರ್‌ಗೂ ಸಲ್ಲುವ ಮಾತು. ಟೂರ್ನಿಯ ವಿಷಯ ಇನ್ನೂ ಸೂಕ್ಷ್ಮ. ಹಣದ ಆಟದಲ್ಲಿ ಚಿಪ್ ಎಂದರೆ ಹಣವೇ, ಬೇಡವೆನಿಸಿದಾಗ ಎದ್ದು ಹೋಗಬಹುದು. ಟೂರ್ನಿಯಲ್ಲಿ ಎಲ್ಲರೂ ಒಂದೇ ಪ್ರವೇಶ ಶುಲ್ಕ ಕೊಟ್ಟು ಒಂದೇ ಪ್ರಮಾಣದ ಚಿಪ್ ಪಡೆಯುತ್ತಾರೆ, ಮುಗಿದವರು ಎದ್ದು ಹೋಗುತ್ತಾರೆ, ಕೊನೆಯಲ್ಲಿ ಉಳಿದ ಕೆಲವರಿಗಷ್ಟೇ ಬಹುಮಾನ. ಹಾಗಾಗಿ ಇಲ್ಲಿ ಇಬ್ಬರ ನಡುವಿನ ಹ್ಯಾಂಡ್ ಬರೀ ಇಬ್ಬರದಲ್ಲ. ನೂರು ಜನರ ಟೂರ್ನಿಯಲ್ಲಿ 15 ಜನಕ್ಕೆ ಬಹುಮಾನ ಎಂದುಕೊಳ್ಳಿ. ಈಗ 16 ಜನ ಉಳಿದಿದ್ದಾರೆ. ಇನ್ನೊಬ್ಬ ಹೊರಬಿದ್ದರೆ ಉಳಿದವರಿಗೆಲ್ಲ ದುಡ್ಡು. ಒಬ್ಬನ ಬಳಿ ನಾಲ್ಕೇ ಚಿಪ್ ಉಳಿದಿವೆ, ಅವನ್ನೂ ಒಡ್ಡಿದ್ದಾನೆ. ಸರದಿ ಅವನ ಗೆಳೆಯನದು, ಅವನ ಬಳಿ ರಾಶಿ ಚಿಪ್ ಇದೆ. ಯಾವ ಎಲೆ ಇದ್ದರೂ ಕಾಲ್ ಮಾಡಬೇಕಾದ ಜಾಗ. ಅವನು ಗೆಳೆಯನ ಮುಖ ನೋಡಿ ಎಲೆ ಬಿಡುತ್ತಾನೆ. ಅವನಿಗೆ ಹೋದದ್ದು ನಾಲ್ಕು ಚಿಪ್. ಆದರೆ ತನ್ನ ಸ್ನೇಹದ ಬೆಲೆಯನ್ನು ಅವನು ತೆತ್ತದ್ದು ಮೇಜಿನ ಮೇಲಿರುವ, ಪಕ್ಕದ ಮೇಜಿನ ಮೇಲಿರುವ ಹದಿನಾಲ್ಕು ಜನರ ಪಾಲಿನಿಂದ. ಮದುವೆ ಮನೆಯ ಪಂಕ್ತಿಯಲ್ಲಿ ಗೆಳೆಯನಿಗೆ ಎರಡು ಹೋಳಿಗೆ ಹೆಚ್ಚು ಬಡಿಸಿದರೆ ಅದು ಔದಾರ್ಯ, ಪಡಿತರದ ಅಂಗಡಿಯಲ್ಲಿ ಗೆಳೆಯನಿಗೆ ಎರಡು ಕಿಲೋ ಅಕ್ಕಿ ಹೆಚ್ಚು ಅಳೆದರೆ ಅದು ಅನ್ಯಾಯ. ಟೂರ್ನಿಯ ಮೇಜು ಪಡಿತರದ ಅಂಗಡಿ.

ಇದೇ ಲೆಕ್ಕದಲ್ಲಿ ಇನ್ನೂ ಒಂದು ಸೋಜಿಗವಿದೆ. ಒಬ್ಬ ಆಲ್ ಇನ್ ಆಗಿದ್ದಾನೆ, ಇನ್ನಿಬ್ಬರು ಅವನ ಎದುರು ಉಳಿದಿದ್ದಾರೆ. ಆ ಇಬ್ಬರೂ ಮುಂದೆ ಬೆಟ್ ಮಾಡದೆ 'ಚೆಕ್' 'ಚೆಕ್' ಎನ್ನುತ್ತ ಕೊನೆಯ ಎಲೆಯವರೆಗೆ ಹೋದರೆ ಅವನನ್ನು ಹೊರಗಟ್ಟುವ ಸಾಧ್ಯತೆ ಹೆಚ್ಚು. ಇಬ್ಬರೂ ತಮ್ಮ ಪಾಡಿಗೆ ಹಾಗೆ ಆಡಿದರೆ ತಪ್ಪಿಲ್ಲ, ಒಳ್ಳೆಯ ಆಟಗಾರರು ಎಷ್ಟೋ ಸಲ ಹಾಗೆಯೇ ಆಡುತ್ತಾರೆ. ಆದರೆ ಒಬ್ಬ ಬಾಯಿ ತೆರೆದು "ಚೆಕ್ ಮಾಡ್ಕೊಂಡು ಹೋಗೋಣ" ಅಂದನೋ, ದಂಡ. ಕ್ರಿಯೆ ಒಂದೇ, ಮೌನದಲ್ಲಿ ಅದು ಆಟ, ಮಾತಿನಲ್ಲಿ ಅದು ಒಳಸಂಚು. 'ಒಂದು ಕೈಗೆ ಒಬ್ಬನೇ ಆಟಗಾರ' ಎಂಬ ಹಳೆಯ ಸೂತ್ರ ಹೇಳುವುದು ಇದನ್ನೇ. ನನ್ನ "ನಿಮ್ಮಿಷ್ಟ ಸರ್" ಬಿದ್ದದ್ದೂ ಇದೇ ಗುಂಡಿಗೆ.

ಇವೆಲ್ಲ ಮೊದಲಿನಿಂದ ಬರೆದಿಟ್ಟ ಕಾನೂನಲ್ಲ. ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂನಲ್ಲಿ 1970ರಲ್ಲಿ ವಿಶ್ವ ಪೋಕರ್ ಸರಣಿ ಶುರುವಾದಾಗ ಕೂತವರು ಬೆರಳೆಣಿಕೆಯವರು, ಒಬ್ಬರನ್ನೊಬ್ಬರು ಬಲ್ಲವರು. ಯಾರು ನಂಬಿಕಸ್ಥ, ಯಾರು ಅಲ್ಲ ಎಂಬುದೇ ನಿಯಮಪುಸ್ತಕ. 2003ರಲ್ಲಿ ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ ಆನ್‌ಲೈನ್‌ನಲ್ಲಿ ಅರ್ಹತೆ ಗಳಿಸಿ ಬಂದು, ಸರಣಿಯ 839 ಜನರ ಮುಖ್ಯ ಟೂರ್ನಿಯಲ್ಲಿ 25 ಲಕ್ಷ ಡಾಲರ್ ಗೆದ್ದ ಮೇಲೆ ಚಿತ್ರವೇ ಬದಲಾಯಿತು. ಮರುವರ್ಷ 2,576 ಜನ, 2006ರಲ್ಲಿ 8,773 ಜನ. ಒಬ್ಬರಿಗೊಬ್ಬರು ಅಪರಿಚಿತರು, ನಡುವೆ ಟಿವಿ ಕ್ಯಾಮೆರಾ. ಬಾಯಿಮಾತಿನ ಮರ್ಯಾದೆ ಅಷ್ಟು ದೊಡ್ಡ ಸಂತೆಯಲ್ಲಿ ನಡೆಯುವುದಿಲ್ಲ. ಒಂದೊಂದು ಜಾಗಕ್ಕೂ ಒಂದೊಂದು ನಿಯಮ ಇದ್ದರೂ ನಡೆಯುವುದಿಲ್ಲ. ಅದಕ್ಕೂ ಮೊದಲೇ, 2001ರಲ್ಲಿ, ಮ್ಯಾಟ್ ಸ್ಯಾವೇಜ್, ಲಿಂಡಾ ಜಾನ್ಸನ್, ಜ್ಯಾನ್ ಫಿಶರ್, ಡೇವ್ ಲ್ಯಾಂಬ್ ಸೇರಿ ಟೂರ್ನಿ ನಿರ್ದೇಶಕರ ಸಂಘ ಕಟ್ಟಿದ್ದು ಊರಿಗೊಂದರಂತಿದ್ದ ಪದ್ಧತಿಗಳನ್ನು ಒಂದು ಮಾಡಲೆಂದೇ. ಆ ಸಂಘದ ಮೊದಲ ನಿಯಮ ನನಗೆ ಬಹಳ ಇಷ್ಟ. ಆಟದ ಹಿತ ಮತ್ತು ನ್ಯಾಯವೇ ಮೊದಲು, ವಿಶೇಷ ಸಂದರ್ಭಗಳಲ್ಲಿ ತಾಂತ್ರಿಕ ನಿಯಮವನ್ನು ಬದಿಗಿಟ್ಟು ಸಾಮಾನ್ಯ ವಿವೇಕದ ತೀರ್ಪು ಕೊಡಬಹುದು ಎಂಬ ಅರ್ಥದ ಮಾತು ಅದು. ಉಳಿದೆಲ್ಲ ನಿಯಮಗಳೂ ಇದರ ಕೆಳಗೆ.

ನಿಯಮ ಹೇಗೆ ಹುಟ್ಟುತ್ತದೆ ಎಂಬುದಕ್ಕೆ 2006ರ ಮುಖ್ಯ ಟೂರ್ನಿಯ ಒಂದು ಜಗಳ ನೋಡಬೇಕು. ಆಗೆಲ್ಲ ಪ್ರತಿ ಹ್ಯಾಂಡ್‌ಗೂ ಪ್ರತಿಯೊಬ್ಬ ಆಟಗಾರನೂ 'ಆ್ಯಂಟಿ' ಎಂಬ ಸಣ್ಣ ಮೊತ್ತ ಹಾಕಬೇಕಿತ್ತು. ಒಂದು ಹ್ಯಾಂಡ್‌ನಲ್ಲಿ ಒಬ್ಬರದು ಕಡಿಮೆ ಬಿತ್ತು. ಪ್ರಹ್ಲಾದ್ ಫ್ರೀಡ್‌ಮನ್ ಎಂಬ ಆಟಗಾರ ಜೆಫ್ ಲಿಸಾಂಡ್ರೊ ಹಾಕಿಲ್ಲ ಎಂದು ಪಟ್ಟು ಹಿಡಿದ. ಮಾತಿಗೆ ಮಾತು ಬೆಳೆದು ಕಳ್ಳತನದ ಆರೋಪದವರೆಗೆ ಹೋಯಿತು. ಟಿವಿಯ ದೃಶ್ಯ ನೋಡಿದಾಗ ಲಿಸಾಂಡ್ರೊ ಹಾಕಿದ್ದು ಸ್ಪಷ್ಟವಾಗಿತ್ತು. ಲಕ್ಷಾಂತರ ಜನರ ಎದುರು ಒಬ್ಬ ಸಜ್ಜನನ ಮೇಲೆ ಕೆಸರು ಬಿದ್ದದ್ದು ಸಾಸಿವೆಯಷ್ಟು ಮೊತ್ತಕ್ಕೆ. ಕೆಲವು ವರ್ಷಗಳಿಂದ ಹೆಚ್ಚಿನ ಟೂರ್ನಿಗಳಲ್ಲಿ ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಸರದಿಯಂತೆ ಹಾಕಲೇಬೇಕಾದ 'ಬ್ಲೈಂಡ್' ಬೆಟ್‌ಗಳಲ್ಲಿ ದೊಡ್ಡದು) ಸರದಿಯವನೊಬ್ಬನೇ ಇಡೀ ಮೇಜಿನ ಆ್ಯಂಟಿ ಹಾಕುವ ಪದ್ಧತಿ ಬಂದಿದೆ. ಅದು ಬಂದದ್ದು ಆಟ ಚುರುಕಾಗಲೆಂದು. ಆದರೆ 'ಯಾರು ಹಾಕಿಲ್ಲ' ಎಂಬ ಜಗಳವನ್ನೂ ಅದು ಬೇರುಸಹಿತ ಕಿತ್ತಿತು. ಜಗಳವನ್ನು ಬಗೆಹರಿಸುವುದಕ್ಕಿಂತ ಜಗಳಕ್ಕೆ ಜಾಗವೇ ಇಲ್ಲದಂತೆ ಮಾಡುವ ಇಂಥ ನಿಯಮಗಳ ಮೇಲೆ ನನಗೆ ಗೌರವ ಹೆಚ್ಚು.

ಪುರಾವೆಯಿಲ್ಲದೆ ಮೋಸದ ಮಾತೆತ್ತುವುದು ಅಷ್ಟಕ್ಕೇ ನಿಲ್ಲಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ನೇರಪ್ರಸಾರದ ಆಟವೊಂದರಲ್ಲಿ (ಅದು ಟೂರ್ನಿಯಲ್ಲ, ಹಣದ ಆಟ) ರಾಬಿ ಜೇಡ್ ಲ್ಯೂ ಎಂಬ ಆಟಗಾರ್ತಿ ಗುಲಾಮ ಮತ್ತು ನಾಲ್ಕನ್ನು ಹಿಡಿದು ಯಾರೂ ಮಾಡದ ಕಾಲ್ ಮಾಡಿ 2 ಲಕ್ಷ 69 ಸಾವಿರ ಡಾಲರಿನ ಮೊತ್ತ ಗೆದ್ದರು. ಸೋತ ಗ್ಯಾರೆಟ್ ಅಡೆಲ್‌ಸ್ಟೈನ್ ಅನುಮಾನಪಟ್ಟರು. ಜಗತ್ತು ಎರಡು ಬಣವಾಯಿತು. ಆ ವರ್ಷದ ಕೊನೆಗೆ ಬಂದ ತನಿಖಾ ವರದಿಯಲ್ಲಿ ಮೋಸದ ಪುರಾವೆ ಸಿಗಲಿಲ್ಲ. ವಿಚಿತ್ರವಾಗಿ ಆಡುವುದು ಅಪರಾಧವಲ್ಲ. ಅನುಭವಿಗಳ ಮೇಜಿಗೆ ಬಂದ ಹೊಸಬರು, ಅದರಲ್ಲೂ ಹೆಣ್ಣುಮಕ್ಕಳು, ತಪ್ಪು ಆಟವಾಡಿ ಗೆದ್ದಾಗ ಅವರತ್ತ ಬೀಳುವ ನೋಟ ಹೇಗಿರುತ್ತದೆಂದು ನಾನು ಸಣ್ಣ ಟೂರ್ನಿಗಳಲ್ಲೂ ಕಂಡಿದ್ದೇನೆ.

ಹೆಣ್ಣುಮಕ್ಕಳ ಮಾತು ಬಂತು. ವಿಶ್ವ ಸರಣಿಯಲ್ಲಿ ಮಹಿಳೆಯರ ಟೂರ್ನಿಯೊಂದಿದೆ. ಲಾಸ್ ವೇಗಸ್ ಇರುವ ನೆವಾಡ ರಾಜ್ಯದ ಕಾನೂನಿನಲ್ಲಿ ಗಂಡಸರನ್ನು ತಡೆಯುವಂತಿಲ್ಲ, ಹಾಗಾಗಿ ಕೆಲವರು ತಮಾಷೆಗೆ, ಕೆಲವರು ಸುಲಭದ ಬೇಟೆಯೆಂದು ಹೆಸರು ಕೊಡತೊಡಗಿದರು. ನಾಚಿಕೆ ಕೆಲಸ ಮಾಡದಿದ್ದಾಗ ಸಂಘಟಕರು ಲೆಕ್ಕ ಹಾಕಿದರು. 2013ರಿಂದ ಪ್ರವೇಶ ಶುಲ್ಕ 10,000 ಡಾಲರ್, ಮಹಿಳೆಯರಿಗೆ 9,000 ಡಾಲರ್ ರಿಯಾಯಿತಿ. ಮರ್ಯಾದೆಗೆ ಬೆಲೆಚೀಟಿ ಅಂಟಿಸಬೇಕಾಯಿತಲ್ಲ ಎಂದು ಬೇಸರವಾಗುತ್ತದೆ, ಆದರೂ ಅದು ಒಳ್ಳೆಯ ಉಪಾಯ.

ಬಾಯಿಯ ವಿಷಯಕ್ಕೆ ಬರೋಣ. 2005ರ ಮುಖ್ಯ ಟೂರ್ನಿಯಲ್ಲಿ ಮೈಕ್ ಮಟುಸೊವ್ ಬೈಗುಳ ಆಡಿ, ದಂಡ ಹಾಕಿದ್ದಕ್ಕೆ ಮತ್ತೆ ಬೈದು, ಒಟ್ಟು 40 ನಿಮಿಷ ಹೊರಗೆ ನಿಂತರು. ದಂಡ ಎಂದರೆ ದುಡ್ಡು ಕಟ್ಟುವುದಲ್ಲ. ನೀನು ಹೊರಗೆ ನಿಂತಿರುತ್ತೀಯ, ಒಳಗೆ ಪ್ರತಿ ಸುತ್ತಿಗೂ ನಿನ್ನ ಚಿಪ್‌ನಿಂದ ಬ್ಲೈಂಡ್ ಕಳೆಯುತ್ತ ಹೋಗುತ್ತದೆ. ಟೂರ್ನಿ ಆಟಗಾರನಿಗೆ ನೋವಾಗುವ ಜಾಗಕ್ಕೇ ಬೀಳುವ ಪೆಟ್ಟು ಅದು. ಆದರೆ ಪೆಟ್ಟು ಎಲ್ಲರಿಗೂ ಒಂದೇ ತೂಕದಲ್ಲಿ ಬೀಳುತ್ತದೆಯೇ? ಫಿಲ್ ಹೆಲ್‌ಮ್ಯೂತ್ 1989ರಲ್ಲಿ 24ರ ವಯಸ್ಸಿಗೆ ವಿಶ್ವ ಚಾಂಪಿಯನ್ ಆದವರು, 17 ಬ್ರೇಸ್‌ಲೆಟ್ (ವಿಶ್ವ ಸರಣಿಯ ಟೂರ್ನಿ ಗೆದ್ದವರಿಗೆ ಕೊಡುವ ಕೈಕಡಗ) ಗೆದ್ದವರು, 'ಪೋಕರ್‌ನ ಹಟಮಾರಿ ಮಗು' ಎಂದೇ ಹೆಸರಾದವರು. 2008ರ ಮುಖ್ಯ ಟೂರ್ನಿಯಲ್ಲಿ ಕ್ರಿಸ್ಟಿಯನ್ ಡ್ರಾಗೊಮಿರ್ ಎಂಬ ಆಟಗಾರ ಹತ್ತು ಮತ್ತು ನಾಲ್ಕನ್ನು ಹಿಡಿದು ತಮ್ಮನ್ನು ಸೋಲಿಸಿದ್ದಕ್ಕೆ ಮನಬಂದಂತೆ ಹೀಗಳೆದರು. ಫ್ಲೋರ್‌ನವರು, ಅಂದರೆ ಟೂರ್ನಿಯ ಮೇಲ್ವಿಚಾರಕರು, ಒಂದು ಸುತ್ತಿನ ದಂಡ ಹಾಕಿದರು. ಮರುದಿನ ಅದು ಜಾರಿಯಾಗುವ ಮೊದಲೇ ಸರಣಿಯ ಕಮಿಷನರ್ ಜೆಫ್ರಿ ಪೊಲಾಕ್ ಅದನ್ನು ರದ್ದು ಮಾಡಿದರು. ಹೆಸರಿಲ್ಲದ ಆಟಗಾರನೊಬ್ಬನಿಗೆ ಆ ಭಾಗ್ಯ ಸಿಗುತ್ತಿತ್ತೆಂದು ನಾನು ನಂಬುವುದಿಲ್ಲ. ಟಿವಿಗೆ ಅವರ ಕೋಪ ಬೇಕಿತ್ತು. ಕೆಟ್ಟ ನಡತೆಯನ್ನು ಮನರಂಜನೆ ಎಂದು ಮಾರಿದ ಮೇಲೆ ಮುಂದಿನ ತಲೆಮಾರು ಅದನ್ನೇ ಕಲಿಯುತ್ತದೆ.

ಕಲಿತದ್ದೂ ಹೌದು. 2016ರ ಮುಖ್ಯ ಟೂರ್ನಿಯಲ್ಲಿ ಬ್ರಿಟನ್ನಿನ ವಿಲಿಯಂ ಕಸೂಫ್ ಪ್ರತಿ ದೊಡ್ಡ ಹ್ಯಾಂಡ್‌ನಲ್ಲೂ ನಿಮಿಷಗಟ್ಟಲೆ ಮಾತಾಡಿ ಎದುರಾಳಿಯನ್ನು ಸುಸ್ತುಮಾಡುತ್ತ 17ನೆಯ ಸ್ಥಾನದವರೆಗೆ ಬಂದರು. ದಂಡವೂ ಬಿತ್ತು, ಖ್ಯಾತಿಯೂ ಬಂತು. ಅವರ ಮಾತುಗಾರಿಕೆ ಒಂದು ಕಲೆ ಎಂದು ವಾದಿಸುವವರಿದ್ದಾರೆ, ಆ ವಾದದಲ್ಲಿ ಹುರುಳಿಲ್ಲದಿಲ್ಲ. ಮಾತು ಪೋಕರ್‌ನ ಹಳೆಯ ಆಯುಧ. ಕಸೂಫ್ ಮಾತಾಡಿದ್ದರಲ್ಲಿ ನನಗೆ ತಕರಾರಿಲ್ಲ, ಎಲ್ಲರ ಸಮಯವನ್ನು ತಮ್ಮದೆಂಬಂತೆ ಖರ್ಚು ಮಾಡಿದ್ದರಲ್ಲಿದೆ. ಟೂರ್ನಿಯಲ್ಲಿ ಬ್ಲೈಂಡ್ ಗಡಿಯಾರದ ಲೆಕ್ಕದಲ್ಲಿ ಏರುತ್ತದೆ. ಒಬ್ಬ ಐದು ನಿಮಿಷ ಕೂತರೆ ಮೇಜಿನ ಉಳಿದ ಎಂಟು ಜನಕ್ಕೆ ಎರಡು ಹ್ಯಾಂಡ್ ಕಡಿಮೆ. ಬಹುಮಾನದ ಹೊಸ್ತಿಲಲ್ಲಂತೂ ಕಡಿಮೆ ಚಿಪ್ ಇರುವವರು ಬೇಕೆಂದೇ ತಡಮಾಡುತ್ತಾರೆ, ಅಷ್ಟರಲ್ಲಿ ಬೇರೆ ಮೇಜಿನಲ್ಲಿ ಯಾರಾದರೂ ಹೊರಬೀಳಲಿ ಎಂದು. ಆಗ ಎಲ್ಲ ಮೇಜುಗಳೂ ಒಂದೊಂದೇ ಹ್ಯಾಂಡ್ ಮುಗಿಸಿ ಪರಸ್ಪರ ಕಾಯುವ ಪದ್ಧತಿ ಹುಟ್ಟಿದ್ದು ಇದರಿಂದಲೇ. ಯಾರಾದರೂ ಅತಿಯಾಗಿ ಕೂತರೆ 'ಕ್ಲಾಕ್' ಕೇಳುವ ಹಕ್ಕು ಮೇಜಿನವರಿಗಿದೆ. ನಿರ್ದೇಶಕರ ಸಂಘದ ನಿಯಮದಂತೆ 25 ಸೆಕೆಂಡ್, ಆಮೇಲೆ ಐದರ ಎಣಿಕೆ. ಹಲವು ದೊಡ್ಡ ಟೂರ್ನಿಗಳಲ್ಲಿ ಈಗ ಪ್ರತಿ ನಿರ್ಧಾರಕ್ಕೂ 30 ಸೆಕೆಂಡಿನ ಗಡಿಯಾರವೇ ಓಡುತ್ತದೆ. 2025ರ ಮುಖ್ಯ ಟೂರ್ನಿಗೆ ಕಸೂಫ್ ಮತ್ತೆ ಬಂದರು, ಮತ್ತೆ ಅದೇ ದೂರುಗಳು, ಮತ್ತೆ ದಂಡಗಳು. ಈ ಸಲ ಹೊರಬಿದ್ದ ಮೇಲೆ ಸರಣಿಯ ಉಳಿದ ದಿನಗಳಿಗೆ ಪ್ರವೇಶವನ್ನೇ ನಿಷೇಧಿಸಿದರು. 2008ರಿಂದ ಅಷ್ಟು ದೂರ ಬಂದಿದ್ದೇವೆ.

ಅದಕ್ಕೂ ಒಂದು ವರ್ಷ ಹಿಂದಿನ ವಿವಾದ ಇನ್ನೂ ಆಳವಾದದ್ದು. 2024ರ ಮುಖ್ಯ ಟೂರ್ನಿಗೆ 10,112 ಪ್ರವೇಶಗಳು, ಇತಿಹಾಸದಲ್ಲೇ ಹೆಚ್ಚು. ಜಾನಥನ್ ಟಮಾಯೊ ಒಂದು ಕೋಟಿ ಡಾಲರ್ ಗೆದ್ದರು. ಅಂತಿಮ ಮೇಜಿನ ಆಟ ನಡೆಯುವಾಗ ಅವರು ಆಗಾಗ ಪ್ರೇಕ್ಷಕರ ಕಟಕಟೆಯ ಬಳಿ ಹೋಗಿ ಗೆಳೆಯರ ಜೊತೆ ಮಾತಾಡುತ್ತಿದ್ದರು. ಗೆಳೆಯರೆಂದರೆ 2015ರ ಚಾಂಪಿಯನ್ ಜೋ ಮೆಕೀಹನ್, ಹಲವು ಬ್ರೇಸ್‌ಲೆಟ್ ಗೆದ್ದ ಡೊಮಿನಿಕ್ ನಿಚ್. ಅವರ ಮುಂದೆ ಲ್ಯಾಪ್‌ಟಾಪ್ ತೆರೆದಿತ್ತು. ಯಾವ ಸ್ಥಿತಿಯಲ್ಲಿ ಯಾವ ಎಲೆ ಆಡಬೇಕೆಂದು ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳ ಕಾಲವಿದು. ಆಗಿನ ನಿಯಮ ಮೇಜಿನ ಮೇಲೆ ಅಂಥ ನೆರವನ್ನು ತಡೆಯುತ್ತಿತ್ತು, ಕಟಕಟೆಯ ಆಚೆಗಿನದನ್ನು ಸ್ಪಷ್ಟವಾಗಿ ಹೇಳಿರಲಿಲ್ಲ. ಗೆಲುವು ಗೆಲುವಾಗಿಯೇ ಉಳಿಯಿತು, ಮರುವರ್ಷ ಎಲೆಕ್ಟ್ರಾನಿಕ್ ಸಾಧನಗಳ ನಿಯಮ ಬಿಗಿಯಾಯಿತು. ಟಮಾಯೊ ನಿಯಮ ಮುರಿದರೆಂದು ನಾನು ಹೇಳುವುದಿಲ್ಲ. ಆದರೆ ಎದುರಿಗೆ ಕೂತಿದ್ದ ಜೋರ್ಡನ್ ಗ್ರಿಫ್‌ಗೆ, ತಾನು ಒಬ್ಬನ ಜೊತೆ ಆಡುತ್ತಿದ್ದೇನೆ ಎಂದು ನಂಬುವ ಹಕ್ಕಿತ್ತು. ಒಂದು ಕೈಗೆ ಒಬ್ಬನೇ ಆಟಗಾರ ಎಂಬ ಸೂತ್ರ ಬರೆದವರಿಗೆ ಪಕ್ಕದವನ ಪಿಸುಮಾತು ಗೊತ್ತಿತ್ತು, ಕಂಪ್ಯೂಟರ್ ಗೊತ್ತಿರಲಿಲ್ಲ. ಸೂತ್ರದ ಪ್ರಾಣ ಮಾತ್ರ ಅದೇ.

ಈಗ ನನ್ನನ್ನು ಹೆಚ್ಚು ಕಾಡಿದ ಪ್ರಕರಣ. 2025ರ ಜೂನ್, ವಿಶ್ವ ಸರಣಿಯ 1,500 ಡಾಲರ್ ಶುಲ್ಕದ 'ಮಿಲಿಯನೇರ್ ಮೇಕರ್' ಟೂರ್ನಿ, ಸುಮಾರು 12 ಸಾವಿರ ಪ್ರವೇಶಗಳು. ಕೊನೆಗುಳಿದವರು ಜೇಮ್ಸ್ ಕ್ಯಾರಲ್ ಮತ್ತು ಜೆಸ್ಸಿ ಯಾಗಿನುಮ. ಕ್ಯಾರಲ್ ಬಳಿ ಹಲವು ಪಟ್ಟು ಹೆಚ್ಚು ಚಿಪ್. ಯಾಗಿನುಮ ಬೇರೊಂದು ಪೋಕರ್ ಸಂಸ್ಥೆಯ ಪ್ರಚಾರ ಯೋಜನೆಯಲ್ಲಿದ್ದರು. ಅವರು ಬ್ರೇಸ್‌ಲೆಟ್ ಗೆದ್ದರೆ ಹೊರಗಿನಿಂದ ಇನ್ನೂ 10 ಲಕ್ಷ ಡಾಲರ್. ಮೊದಲ ಬಹುಮಾನ ಸುಮಾರು 12 ಲಕ್ಷ 55 ಸಾವಿರ, ಎರಡನೆಯದು ಸುಮಾರು 10 ಲಕ್ಷ 3 ಸಾವಿರ. ಅಂದರೆ ಗೆಲ್ಲುವುದಕ್ಕೂ ಸೋಲುವುದಕ್ಕೂ ಇರುವ ಅಂತರ ಎರಡೂವರೆ ಲಕ್ಷ. ಯಾಗಿನುಮ ಗೆದ್ದರೆ ಬರುವ ಹೊರಗಿನ ಹಣ ಅದರ ನಾಲ್ಕು ಪಟ್ಟು. ಹಾಗೆ ನೋಡಿದರೆ ಕ್ಯಾರಲ್‌ಗೆ ಗೆಲುವಿಗಿಂತ ಒಪ್ಪಂದದ ಸೋಲು ಲಾಭ. ಆಟ ತಿರುಗಿತು. ಕ್ಯಾರಲ್ ಒಳ್ಳೆಯ ಎಲೆಗಳನ್ನು ಬಿಡುವುದನ್ನು ನೋಡುಗರು ನೇರಪ್ರಸಾರದಲ್ಲೇ ಕಂಡರು, ಯಾಗಿನುಮ ಗೆದ್ದರು. ತನಿಖೆಯ ನಂತರ ಸಂಘಟಕರು ವಿಜೇತರೇ ಇಲ್ಲ ಎಂದು ಘೋಷಿಸಿದರು. ಬ್ರೇಸ್‌ಲೆಟ್ ಯಾರಿಗೂ ಕೊಡಲಿಲ್ಲ. ಎರಡೂ ಬಹುಮಾನ ಕೂಡಿಸಿ ತಲಾ 11 ಲಕ್ಷ 29 ಸಾವಿರದಷ್ಟು ಹಂಚಿದರು.

ನಾನು ಮೇಲೆ ಹೇಳಿದ ಪಡಿತರದ ಲೆಕ್ಕ ಇಲ್ಲಿ ಕೈಕೊಡುತ್ತದೆ. ಉಳಿದವರು ಇಬ್ಬರೇ. ಮೂರನೆಯವನ ಅಕ್ಕಿ ಯಾರೂ ಕದ್ದಿಲ್ಲ. ಬಾಕಿ ಎಲ್ಲರೂ ತಮ್ಮ ಬಹುಮಾನ ಪಡೆದು ಹೋಗಿದ್ದಾರೆ. ಇಬ್ಬರು ತಮ್ಮ ದುಡ್ಡನ್ನು ಹೇಗೆ ಹಂಚಿಕೊಂಡರೆ ಯಾರಿಗೇನು ಎಂದು ಅನೇಕ ವೃತ್ತಿಪರರು ಕೇಳಿದರು. ಕೊನೆಗುಳಿದವರು ಬಹುಮಾನ ಹಂಚಿಕೊಳ್ಳುವುದು ಪೋಕರ್‌ನಲ್ಲಿ ಹೊಸದೇನಲ್ಲ, ಸಣ್ಣ ಟೂರ್ನಿಗಳಲ್ಲಿ ರಾತ್ರಿ ಎರಡು ಗಂಟೆಗೆ ಎಲ್ಲರೂ ಮಾಡುವುದೇ ಅದು. ಕೆಲ ದಿನ ನಾನೂ ಹಾಗೆಯೇ ಯೋಚಿಸಿದೆ. ಆದರೆ ದುಡ್ಡು ಹಂಚಿಕೊಂಡ ಮೇಲೂ ಆಟವನ್ನು ಆಡಬಹುದು. ದುಡ್ಡು ಅವರಿಬ್ಬರದು, ಬ್ರೇಸ್‌ಲೆಟ್ ಮಾತ್ರ ಅವರದಲ್ಲ. ಆ ದಿನ ಸೋತು ಮನೆಗೆ ಹೋದ ಸಾವಿರಾರು ಜನ 'ನಮ್ಮನ್ನು ದಾಟಿ ಒಬ್ಬರು ಗೆದ್ದರು' ಎಂದು ಒಪ್ಪಿಕೊಂಡು ಕೊಟ್ಟ ವಸ್ತು ಅದು. ಅಖಾಡದಲ್ಲಿ ಜೋಡಿ ನೂರು ಸಲ ಡ್ರಾ ಆಗಲಿ, ಆದರೆ ಮಾತಾಡಿಕೊಂಡು ಬೆನ್ನು ಮಣ್ಣಿಗೆ ತಾಗಿಸಿದರೆ ಗದೆಗೆ ಏನು ಬೆಲೆ? ಆದ್ದರಿಂದ ಹಣ ಹಂಚಿ ಬ್ರೇಸ್‌ಲೆಟ್ ತಡೆದ ತೀರ್ಪು ನನಗೆ ಸರಿ ಕಂಡಿತು. ಸಂಘದ ಮೊದಲ ನಿಯಮದ ಸಾಮಾನ್ಯ ವಿವೇಕ ಎಂದರೆ ಇದೇ. ಅದೇ ಹೊತ್ತಿಗೆ, ಒಬ್ಬ ಆಟಗಾರನ ಗೆಲುವಿಗೆ ಮಾತ್ರ ಹೊರಗಿನಿಂದ ಹತ್ತು ಲಕ್ಷ ಕಟ್ಟಿದ ವ್ಯವಸ್ಥೆಯೂ ತಪ್ಪಿನಲ್ಲಿ ಪಾಲುದಾರ. ಬೇಲಿಯಾಚೆ ಕಬ್ಬು ನೆಟ್ಟು ಹಸುವನ್ನು ಬೈದರೆ ಆಗದು.

ಹೊಸಬರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದಕ್ಕೆ ಪೋಕರ್ ಲೋಕದಲ್ಲಿ ಒಂದು ಮಾತಿದೆ: ಅಕ್ವೇರಿಯಂನ ಗಾಜು ತಟ್ಟಬೇಡ. ಮೀನು ಹೆದರಿ ಓಡಿಹೋಗುತ್ತದೆ ಎಂದರ್ಥ. ಮೀನು ಎಂದರೆ ಆಟ ಬಾರದೆ ಸೋಲುವವನು. ಅವನ ತಪ್ಪನ್ನು ಎತ್ತಿ ಹೀಗಳೆದರೆ ಅವನು ನಾಳೆ ಬರುವುದಿಲ್ಲ, ನಿನ್ನ ಆದಾಯ ನಿಲ್ಲುತ್ತದೆ. ಸಲಹೆಯೇನೋ ಸರಿ, ಅದರ ಕಾರಣ ನನಗೆ ಹಿಡಿಸದು. ಒಬ್ಬ ಮನುಷ್ಯನಿಗೆ ಗೌರವ ಕೊಡುವುದು ಅವನು ಮತ್ತೆ ಬಂದು ದುಡ್ಡು ಕಳೆದುಕೊಳ್ಳಲಿ ಎಂದೇ? 2014ರಲ್ಲಿ ಡ್ಯಾನ್ ಕೋಲ್‌ಮನ್ 10 ಲಕ್ಷ ಡಾಲರ್ ಶುಲ್ಕದ ಟೂರ್ನಿ ಗೆದ್ದು, ಒಂದೂವರೆ ಕೋಟಿ ಡಾಲರಿಗೂ ಹೆಚ್ಚು ಪಡೆದು, ಸಂದರ್ಶನ ಕೊಡಲು ಒಪ್ಪಲಿಲ್ಲ. ಈ ಆಟ ಎಷ್ಟೋ ಜನರ ಬದುಕು ಹಾಳು ಮಾಡುತ್ತದೆ, ಅದಕ್ಕೆ ಪ್ರಚಾರ ಮಾಡಲಾರೆ ಎಂಬುದು ಆಮೇಲೆ ಅವರು ಕೊಟ್ಟ ಕಾರಣ. ಗೆದ್ದವನು ನಾಲ್ಕು ಮಾತಾಡುವುದು ಸೌಜನ್ಯ ಎಂದು ಹಲವರು ಬೈದರು. ನನಗೆ ಅವರ ಮೌನದಲ್ಲೂ ಒಂದು ಸೌಜನ್ಯ ಕಂಡಿತ್ತು, ಸೋತವರ ಕಡೆಗಿನದು.

ಆ ನೋವು ನಮಗೂ ಗೊತ್ತಿಲ್ಲದ್ದಲ್ಲ. ಆನ್‌ಲೈನ್ ಆಟಗಳಲ್ಲಿ ದುಡ್ಡು ಕಳೆದುಕೊಂಡು ಬೀದಿಗೆ ಬಂದ ಮನೆಗಳ ಸುದ್ದಿ ಕನ್ನಡ ಪತ್ರಿಕೆಗಳಲ್ಲಿ ಎಷ್ಟು ಸಲ ಓದಿದ್ದೇವೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೇ ಹಣದ ಆನ್‌ಲೈನ್ ಆಟ ನಿಷೇಧಿಸುವ ಕಾಯ್ದೆ ತಂದಿತು, ರಾತ್ರೋರಾತ್ರಿ ಪೋಕರ್ ಆ್ಯಪ್‌ಗಳು ಹಣದ ಮೇಜು ಮುಚ್ಚಿದವು. ಆಟ ಬಿಡದವರಿಗೆ ಈಗ ಗೋವಾದಂಥ ಕಡೆ ನಡೆಯುವ ಎದುರುಬದುರಿನ ಟೂರ್ನಿಗಳೇ ದಾರಿ. ಅಲ್ಲೊಂದು ಹೊಸ ತೊಡಕು. ಫೋನಿನಲ್ಲಿ ಸರದಿ ತಪ್ಪಿಸಲು ಸಾಧ್ಯವೇ ಇಲ್ಲ, ಬಟನ್ ಬರುವುದೇ ನಿಮ್ಮ ಸರದಿಗೆ. ಬೆಟ್ ಎರಡು ಸಲ ಹಾಕಲಾಗದು, ಚಿಪ್ ಅಡಗಿಸಲಾಗದು, ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮರ್ಯಾದೆಯ ಕೆಲಸವನ್ನೆಲ್ಲ ಯಂತ್ರ ಮಾಡುತ್ತಿತ್ತು. ಸಾವಿರಾರು ಹ್ಯಾಂಡ್ ಆಡಿ ಪಳಗಿದ ಹುಡುಗರು, ಲೆಕ್ಕದಲ್ಲಿ ನನಗಿಂತ ಹತ್ತು ಪಟ್ಟು ಚುರುಕಾದವರು, ನಿಜವಾದ ಮೇಜಿಗೆ ಬಂದು ಡೀಲರ್ ಕಡೆಗೆ ಎಲೆ ಎಸೆಯುತ್ತಾರೆ, ಸೋತವನ ಮುಖದೆದುರು ಮುಷ್ಟಿ ಬೀಸುತ್ತಾರೆ. ಅವರು ಕೆಟ್ಟವರಲ್ಲ. ಎದುರಿಗೊಬ್ಬ ಮನುಷ್ಯ ಕೂತಿದ್ದಾನೆ ಎಂಬುದು ಅವರ ಅಭ್ಯಾಸದಲ್ಲಿಲ್ಲ.

ಆ ರಾತ್ರಿ ಆಲ್ ಇನ್ ಹೇಳಿದ್ದ ಹುಡುಗನೂ ಅಂಥವನೇ. ಇನ್ನೊಂದು ಗಂಟೆಯಲ್ಲಿ ಹುಬ್ಬಳ್ಳಿಯ ಹಿರಿಯರನ್ನು ಅವನೇ ಹೊರಗಟ್ಟಿದ. ಅವರು ಎದ್ದು, ಮೇಜು ಸುತ್ತಿ ಹೋಗಿ, ಅವನ ಕೈ ಕುಲುಕಿ ಹೆಗಲು ತಟ್ಟಿದರು. ಹುಡುಗ ಕಿವಿಯಿಂದ ಹೆಡ್‌ಫೋನ್ ತೆಗೆದ, ಎದ್ದು ನಿಂತ. ಸ್ವಲ್ಪ ಹೊತ್ತಿಗೆ ನನ್ನದೂ ಮುಗಿಯಿತು. ದಡಕ್ಕೆ ಕರೆದೊಯ್ಯುವ ಬೋಟಿಗಾಗಿ ಅವರು ಕಾಯುತ್ತಿದ್ದರು.

"ಈಗರೆ ಕನ್ನಡ ಮಾತಾಡಬಹುದಲ್ರಿ" ಎಂದು ನಕ್ಕರು. ಆಮೇಲೆ, "ಆಗ ಕೈಯಾಗ ಎರಡು ರಾಣಿ ಇದ್ವು ನೋಡ್ರಿ" ಅಂದರು.

ನನಗೆ ನಂಬಲಾಗಲಿಲ್ಲ. "ಎರಡು ರಾಣಿ ಬಿಟ್ರಾ ಸರ್? ಯಾಕೆ?"

"ನಿಮ್ಮನ್ನ ಕೇಳಿಬಿಟ್ಟಿದ್ದೆನಲ್ರಿ. ಆಮ್ಯಾಲೆ ಗೆದ್ದಿದ್ರೂ, ಇವ್ರಿಬ್ರೂ ಕೂಡಿ ಆಡಿದ್ರು ಅಂತ ಆ ಹುಡುಗನ ಮನಸಿನ್ಯಾಗ ಉಳೀತಿತ್ತು."

ಬೋಟು ಬಂತು. ಅವರು ಚಪ್ಪಲಿ ಜಾರದಂತೆ ನೋಡಿಕೊಂಡು ಮೊದಲು ಇಳಿದು, ನನಗೆ ಕೈ ಚಾಚಿದರು.